ಒಂದು ಕಡಿತಕ್ಕೆ ಒಂದು ಆಣೆ: ಮಲೇರಿಯಾ ಲಸಿಕೆ, ಒಪ್ಪಿಗೆ ಮತ್ತು ಅಮಾನತ್

ಕಳೆದ ಮಳೆಗಾಲದ ಒಂದು ಸಂಜೆ ಮದ್ರಸದ ಹಿರಿಯ ಮಕ್ಕಳಿಗೆ ಅಮಾನತ್‌ನ ಕುರಿತು ಪಾಠ ಹೇಳುತ್ತಿದ್ದೆ. ಯಾರೋ ನಂಬಿ ನಮ್ಮ ಬಳಿ ಇಟ್ಟುಹೋದ ಹಣವಷ್ಟೇ ಅಮಾನತ್ ಅಲ್ಲ. ಕಣ್ಣು, ಕಿವಿ, ನಾಲಿಗೆ, ಕೊನೆಗೆ ಈ ಇಡೀ ದೇಹವೇ ಅಲ್ಲಾಹನು ನಮ್ಮ ವಶಕ್ಕೆ ಒಪ್ಪಿಸಿರುವ ಅಮಾನತ್, ಅದನ್ನು ಮನಬಂದಂತೆ ಬಳಸುವ ಹಕ್ಕು ನಮಗಿಲ್ಲ ಎಂದು ವಿವರಿಸುತ್ತಿದ್ದೆ. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ. "ಉಸ್ತಾದ್, ಹಿಂದೆ ಹುಸೇನ್ ಖಾನ್ ಅನ್ನುವವರೊಬ್ಬರು ದುಡ್ಡು ತೆಗೆದುಕೊಂಡು ಸೊಳ್ಳೆಗಳಿಂದ ಕಚ್ಚಿಸಿಕೊಂಡಿದ್ದರಂತೆ. ಅದು ಸರಿಯೋ ತಪ್ಪೋ?" ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ನನಗೆ ನಗು ಬರಲಿಲ್ಲ. ಉತ್ತರ ಹೇಳಲು ತಿಳಿಯಲಿಲ್ಲ. ನಾಳೆ ಹೇಳುತ್ತೇನೆ ಎಂದು ಪಾಠ ಮುಗಿಸಿದೆ. ಆ ನಾಳೆ ಬರಲು ಹಲವು ವಾರಗಳೇ ಹಿಡಿದವು. ಓದಿ ತಿಳಿದುಕೊಂಡದ್ದನ್ನೂ ನನ್ನ ಅಭಿಪ್ರಾಯವನ್ನೂ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಹುಡುಗ ಹೇಳಿದ್ದು ನಿಜ. ಸಿಕಂದರಾಬಾದ್‌ನಲ್ಲಿದ್ದ ಬ್ರಿಟಿಷ್ ಸೇನಾ ವೈದ್ಯ ರೊನಾಲ್ಡ್ ರಾಸ್, ಮಲೇರಿಯಾ ಹೇಗೆ ಹರಡುತ್ತದೆಂದು ಅರಿಯಲು ಸೊಳ್ಳೆಗಳನ್ನು ಸೀಳಿ ಪರೀಕ್ಷಿಸುತ್ತಿದ್ದರು. 1897ರ ಆಗಸ್ಟ್ ತಿಂಗಳಲ್ಲಿ ಅವರು ಮಲೇರಿಯಾ ಪೀಡಿತನಾಗಿದ್ದ ಹುಸೇನ್ ಖಾನ್ ಎಂಬ ರೋಗಿಯ ಮೇಲೆ ಸೊಳ್ಳೆಗಳನ್ನು ಬಿಟ್ಟರು. ರಕ್ತ ಹೀರಿದ ಒಂದೊಂದು ಸೊಳ್ಳೆಗೆ ಒಂದು ಆಣೆಯಂತೆ, ಎಂಟು ಸೊಳ್ಳೆಗಳಿಗೆ ಎಂಟು ಆಣೆ ಆತನ ಕೈ ಸೇರಿತು. ಆಗಸ್ಟ್ 20ರಂದು ಆ ಸೊಳ್ಳೆಯೊಂದರ ಹೊಟ್ಟೆಯಲ್ಲಿ ರಾಸ್ ಅವರು ಮಲೇರಿಯಾದ ಪರೋಪಜೀವಿಯನ್ನು ಕಂಡರು. 1902ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಇಂದಿಗೂ ಆಗಸ್ಟ್ 20ನ್ನು ವಿಶ್ವ ಸೊಳ್ಳೆ ದಿನವೆಂದು ಆಚರಿಸುತ್ತಾರೆ. ಹುಸೇನ್ ಖಾನರ ಹೆಸರು ಮಾತ್ರ ಎಂಟಾಣೆಯ ಲೆಕ್ಕದ ಜೊತೆಗಷ್ಟೇ ಉಳಿದುಕೊಂಡಿದೆ.

ಇದು ಹಳೆಯ ಕಥೆ, ಈಗೇಕೆ ಎಂದು ಕೇಳಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ನೇ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 26 ಕೋಟಿ 30 ಲಕ್ಷ ಮಲೇರಿಯಾ ಪ್ರಕರಣಗಳು ಕಂಡುಬಂದವು. ಸುಮಾರು 5 ಲಕ್ಷ 97 ಸಾವಿರ ಜನರು ಸತ್ತರು. ಈ ಸಾವುಗಳಲ್ಲಿ ನೂರಕ್ಕೆ ತೊಂಬತ್ತೈದರಷ್ಟು ಆಫ್ರಿಕಾದಲ್ಲಿ ಸಂಭವಿಸಿದವು, ಮತ್ತು ಅಲ್ಲಿ ಸತ್ತವರಲ್ಲಿ ಮುಕ್ಕಾಲು ಪಾಲು ಐದು ವರ್ಷ ತುಂಬದ ಮಕ್ಕಳು. ಈ ಮಕ್ಕಳಿಗಾಗಿ ಈಗ ಎರಡು ಲಸಿಕೆಗಳಿವೆ. 2021ರ ಅಕ್ಟೋಬರ್‌ನಲ್ಲಿ ಆರ್‌ಟಿಎಸ್,ಎಸ್ ಎಂಬ ಲಸಿಕೆಗೆ, 2023ರ ಅಕ್ಟೋಬರ್‌ನಲ್ಲಿ ಆರ್21 ಎಂಬ ಲಸಿಕೆಗೆ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ನೀಡಿತು. ಎರಡನೆಯದನ್ನು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ರೂಪಿಸಿತು. ಅದು ತಯಾರಾಗುವುದು ನಮ್ಮದೇ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್‌ನಲ್ಲಿ. ಯಾವ ಲಸಿಕೆಯೂ ಪ್ರಯೋಗಾಲಯದ ಗಾಜಿನ ಕೊಳವೆಯಿಂದ ನೇರವಾಗಿ ಮಗುವಿನ ತೋಳಿಗೆ ಬರುವುದಿಲ್ಲ. ನಡುವೆ ಯಾರೋ ತಮ್ಮ ದೇಹವನ್ನು, ಕೆಲವೊಮ್ಮೆ ತಮ್ಮ ಮಗುವಿನ ದೇಹವನ್ನು ಪರೀಕ್ಷೆಗೆ ಒಡ್ಡಬೇಕಾಗುತ್ತದೆ. ಹಾಗೆ ಒಡ್ಡುವುದು ಯಾವಾಗ ಪುಣ್ಯ, ಯಾವಾಗ ಅನ್ಯಾಯ? ಹುಡುಗನ ಪ್ರಶ್ನೆ ನನ್ನನ್ನು ತಂದು ನಿಲ್ಲಿಸಿದ್ದು ಇಲ್ಲಿಗೆ.

ಮೊದಲಿಗೆ, ಮನುಷ್ಯರ ಮೇಲೆ ಪರೀಕ್ಷೆ ಏಕೆ ಬೇಕೆಂಬುದನ್ನು ತಿಳಿಯೋಣ. ಮಲೇರಿಯಾ ತರುವುದು ವೈರಸ್ ಅಲ್ಲ, ಬ್ಯಾಕ್ಟೀರಿಯಾವೂ ಅಲ್ಲ. ಅದಕ್ಕಿಂತ ಎಷ್ಟೋ ಜಟಿಲವಾದ ಪರೋಪಜೀವಿ. ಸೊಳ್ಳೆಯ ಎಂಜಲಿನೊಂದಿಗೆ ದೇಹ ಹೊಕ್ಕು, ಬೇಗನೆ ಯಕೃತ್ತಿನಲ್ಲಿ ಅಡಗಿಕೊಳ್ಳುತ್ತದೆ. ಅಲ್ಲಿ ಸುಮಾರು ಒಂದು ವಾರ ಸದ್ದಿಲ್ಲದೆ ಬೆಳೆದು, ಸಾವಿರ ಸಾವಿರವಾಗಿ ಒಡೆದು ಹೊರಬಂದು ಕೆಂಪು ರಕ್ತಕಣಗಳನ್ನು ಮುತ್ತುತ್ತದೆ. ಒಂದೊಂದು ಹಂತದಲ್ಲೂ ಅದರ ವೇಷ ಬೇರೆ. ಇಲಿಗಳಿಗೆ ತಗಲುವ ಮಲೇರಿಯಾ ಬೇರೆ ಜಾತಿಯದು. ಇಲಿಯನ್ನು ಕಾಪಾಡಿದ ಲಸಿಕೆ ಮನುಷ್ಯನನ್ನು ಕಾಪಾಡಲೇಬೇಕೆಂದಿಲ್ಲ. 1967ರಲ್ಲಿ ರೂತ್ ನುಸ್ಸೆನ್‌ಜ್ವೈಗ್ ಎಂಬ ವಿಜ್ಞಾನಿ, ವಿಕಿರಣದಿಂದ ದುರ್ಬಲಗೊಳಿಸಿದ ಪರೋಪಜೀವಿಗಳನ್ನು ಇಲಿಗಳಿಗೆ ಚುಚ್ಚಿ ಅವುಗಳಿಗೆ ರಕ್ಷಣೆ ಸಿಗುವುದನ್ನು ತೋರಿಸಿದರು. ಅದರಿಂದ ಮಕ್ಕಳಿಗೆ ಕೊಡಬಲ್ಲ ಲಸಿಕೆ ಸಿದ್ಧವಾಗಲು ಐವತ್ತು ವರ್ಷಗಳಿಗಿಂತ ಹೆಚ್ಚು ಕಾಲ ಬೇಕಾಯಿತು.

ಆದರೆ ಈ ದಾರಿಯ ಆರಂಭದಲ್ಲಿ ಮನುಷ್ಯರನ್ನು ನಡೆಸಿಕೊಂಡ ಬಗೆಯನ್ನು ಓದಿದರೆ ಮನಸ್ಸು ಮರುಗುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ಹೆಸರಾಂತ ಮಲೇರಿಯಾ ತಜ್ಞ ಕ್ಲೌಸ್ ಶಿಲ್ಲಿಂಗ್, ಡಾಖೌ ಸೆರೆಶಿಬಿರದಲ್ಲಿ ಸಾವಿರಕ್ಕೂ ಹೆಚ್ಚು ಕೈದಿಗಳಿಗೆ ಬಲವಂತವಾಗಿ ಮಲೇರಿಯಾ ಹತ್ತಿಸಿದ. ರೋಗನಿರೋಧಕ ಶಕ್ತಿಯನ್ನು ಹುಡುಕುತ್ತಿದ್ದೇನೆ, ಇದು ಮನುಕುಲದ ಸೇವೆ ಎಂಬುದು ಅವನ ವಾದ. ಅನೇಕರು ಸತ್ತರು. 1946ರಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. ಅದೇ ಹೊತ್ತಿಗೆ ಅಮೆರಿಕದ ಇಲಿನಾಯ್ಸ್ ರಾಜ್ಯದ ಸ್ಟೇಟ್‌ವಿಲ್ ಸೆರೆಮನೆಯಲ್ಲೂ ಔಷಧಗಳ ಪರೀಕ್ಷೆಗಾಗಿ ನೂರಾರು ಕೈದಿಗಳಿಗೆ ಮಲೇರಿಯಾ ಸೊಳ್ಳೆ ಕಚ್ಚಿಸುತ್ತಿದ್ದರು. ಅವರು ಕಾಗದಕ್ಕೆ ಸಹಿ ಹಾಕಿದ್ದರು, ನಿಜ. ಹಣವೂ ಶಿಕ್ಷೆ ಕಡಿಮೆಯಾಗುವ ಆಸೆಯೂ ಆ ಸಹಿಯ ಹಿಂದಿದ್ದವು. ನ್ಯೂರೆಂಬರ್ಗ್‌ನಲ್ಲಿ ನಾಝಿ ವೈದ್ಯರ ವಿಚಾರಣೆ ನಡೆದಾಗ ಆರೋಪಿಗಳ ವಕೀಲರು ಇದನ್ನೇ ಎತ್ತಿ ತೋರಿಸಿ, ನೀವೂ ಇದನ್ನೇ ಮಾಡಿದ್ದೀರಲ್ಲ ಎಂದು ಕೇಳಿದರು. 1947ರಲ್ಲಿ ಹೊರಬಂದ ನ್ಯೂರೆಂಬರ್ಗ್ ಸಂಹಿತೆ, ಸ್ವಇಚ್ಛೆಯ ಒಪ್ಪಿಗೆಯಿಲ್ಲದೆ ಮನುಷ್ಯರ ಮೇಲೆ ಯಾವ ಪ್ರಯೋಗವೂ ಸಲ್ಲದು ಎಂಬುದನ್ನು ತನ್ನ ಮೊದಲ ನಿಯಮವಾಗಿ ಇಟ್ಟುಕೊಂಡಿತು.

ಇಲ್ಲಿ ನಮ್ಮ ಉಲಮಾಗಳ ಮಾತೊಂದನ್ನು ಸ್ಮರಿಸುವುದು ಉಚಿತ. 1992ರಲ್ಲಿ ಜಿದ್ದಾದಲ್ಲಿ ಸಭೆ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ, ಚಿಕಿತ್ಸೆಯ ಕುರಿತ ತನ್ನ ನಿರ್ಣಯದಲ್ಲಿ ವೈದ್ಯಕೀಯ ಸಂಶೋಧನೆಯ ವಿಷಯವನ್ನೂ ಎತ್ತಿಕೊಂಡಿತು. ಅದರ ಸಾರಾಂಶ ಹೀಗಿದೆ: ಪ್ರಬುದ್ಧನಾದ ವ್ಯಕ್ತಿಯ ಪೂರ್ಣ ಒಪ್ಪಿಗೆ ಇರಬೇಕು, ಅದು ಕೈದಿಗಳ ವಿಷಯದಲ್ಲಿ ಆಗುವಂತೆ ಬಲವಂತದಿಂದ ಬಂದದ್ದಾಗಿರಬಾರದು, ಬಡವರ ವಿಷಯದಲ್ಲಿ ಆಗುವಂತೆ ಹಣದ ಆಮಿಷದಿಂದ ಬಂದದ್ದೂ ಆಗಿರಬಾರದು, ಅದರಿಂದ ಹಾನಿ ಉಂಟಾಗಬಾರದು. ಓದಿದಾಗ ನಾನು ಒಂದು ಕ್ಷಣ ಸ್ತಬ್ಧನಾದೆ. ಕೈದಿ ಮತ್ತು ಬಡವ! ಮಲೇರಿಯಾ ಸಂಶೋಧನೆಯ ಚರಿತ್ರೆ ತುಳಿದು ಸಾಗಿದ್ದು ನಿಖರವಾಗಿ ಈ ಇಬ್ಬರ ಮೇಲೆಯೇ. ಒಬ್ಬನಿಗೆ ಬೇಡವೆನ್ನುವ ಸ್ವಾತಂತ್ರ್ಯವಿರಲಿಲ್ಲ, ಇನ್ನೊಬ್ಬನಿಗೆ ಬೇಡವೆನ್ನುವ ಶಕ್ತಿಯಿರಲಿಲ್ಲ.

ಹಾಗಾದರೆ ಇಂದು ಹೇಗೆ ನಡೆಯುತ್ತದೆ? ಆಕ್ಸ್‌ಫರ್ಡ್‌ನಂತಹ ಕಡೆಗಳಲ್ಲಿ ಆರೋಗ್ಯವಂತ ವಯಸ್ಕ ಸ್ವಯಂಸೇವಕರು ಲಸಿಕೆ ಪಡೆದ ನಂತರ, ಒಂದು ಪುಟ್ಟ ಬಟ್ಟಲಿನ ಬಾಯಿಗೆ ತಮ್ಮ ಮುಂದೋಳನ್ನು ಒತ್ತಿ ಹಿಡಿಯುತ್ತಾರೆ. ಅದರೊಳಗೆ ಮಲೇರಿಯಾ ಹೊತ್ತ ಐದು ಸೊಳ್ಳೆಗಳಿರುತ್ತವೆ. ಬಳಸುವುದು ಔಷಧಕ್ಕೆ ಖಚಿತವಾಗಿ ಮಣಿಯುವ ತಳಿಯ ಪರೋಪಜೀವಿಯನ್ನೇ. ಒಂದು ವಾರದ ನಂತರ ಪದೇ ಪದೇ ರಕ್ತ ಪರೀಕ್ಷೆ ನಡೆಯುತ್ತದೆ. ಪರೋಪಜೀವಿ ಕಂಡ ಕೂಡಲೇ ಚಿಕಿತ್ಸೆ ಆರಂಭವಾಗುತ್ತದೆ. ಆರ್‌ಟಿಎಸ್,ಎಸ್ ಲಸಿಕೆಯ ಮೊದಲ ಭರವಸೆ ಹುಟ್ಟಿದ್ದೂ ಹೀಗೆಯೇ. 1997ರಲ್ಲಿ ಪ್ರಕಟವಾದ ವರದಿಯಲ್ಲಿ, ಅದರ ಒಂದು ಬಗೆಯನ್ನು ಪಡೆದ ಏಳು ಸ್ವಯಂಸೇವಕರ ಪೈಕಿ ಆರು ಮಂದಿಗೆ ಮಲೇರಿಯಾ ತಗಲಲಿಲ್ಲ. ಹಲವು ದಶಕಗಳ ಸೋಲಿನ ನಂತರ ಸಿಕ್ಕ ಬೆಳಕು ಆ ಏಳು ತೋಳುಗಳ ಮೇಲಿತ್ತು. ಅವರ ಸಮಯಕ್ಕೂ ತೊಂದರೆಗೂ ಪರಿಹಾರಧನ ಕೊಡುತ್ತಾರೆ. ಅದರಲ್ಲಿ ತಪ್ಪಿಲ್ಲವೆಂಬುದು ನನ್ನ ಅಭಿಪ್ರಾಯ. ಕೂಲಿ ಬಿಟ್ಟು ಬಂದವನಿಗೆ ಕೂಲಿಯ ನಷ್ಟ ತುಂಬಿಕೊಡುವುದು ನ್ಯಾಯ. ಆದರೆ ಅಪಾಯವನ್ನು ನೋಡದಂತೆ ಕಣ್ಣು ಕಟ್ಟುವಷ್ಟು ಹಣವನ್ನು ಬಡವನ ಮುಂದಿಟ್ಟರೆ ಅದು ಪರಿಹಾರವಲ್ಲ, ಖರೀದಿ. ದೇಹ ಅಮಾನತ್ ಆಗಿರುವಾಗ ಅದನ್ನು ಮಾರಲು ಬರುವುದಿಲ್ಲ. ಒಳಿತಿಗಾಗಿ, ತಿಳಿದು, ಎರವಲು ಕೊಡಬಹುದಷ್ಟೇ.

ಕಠಿಣವಾದ ಪ್ರಶ್ನೆ ಮಕ್ಕಳದ್ದು. ಮೇಲೆ ಹೇಳಿದ ನಿರ್ಣಯವು, ಪ್ರಬುದ್ಧರಲ್ಲದವರ ಮೇಲೆ ಪೋಷಕರ ಒಪ್ಪಿಗೆ ಇದ್ದರೂ ಸಂಶೋಧನೆ ನಡೆಸಬಾರದು ಎನ್ನುತ್ತದೆ. ಆದರೆ ಮಲೇರಿಯಾ ಕೊಲ್ಲುವುದು ಎಳೆಯ ಮಕ್ಕಳನ್ನೇ. ಅವರಲ್ಲಿ ಪರೀಕ್ಷಿಸದೆ ಅವರಿಗಾಗಿ ಲಸಿಕೆ ಸಿದ್ಧವಾಗುವುದಿಲ್ಲ. ನಾನು ಫತ್ವಾ ಕೊಡುವವನಲ್ಲ, ಪಾಠ ಹೇಳುವವನು. ಆದರೂ ನನಗೆ ತೋರುವುದಿಷ್ಟು: ಆ ಎಚ್ಚರಿಕೆಯ ಉದ್ದೇಶ ಬಾಯಿಲ್ಲದ ಮಗುವನ್ನು ಇತರರ ಪ್ರಯೋಜನಕ್ಕೆ ಬಲಿಗೊಡಬಾರದೆಂಬುದು. ಮಗುವಿಗೆ ಬೇಕೆಂದೇ ರೋಗ ಹತ್ತಿಸುವುದು ಒಂದು. ರೋಗ ಪ್ರತಿ ಮಳೆಗಾಲವೂ ಬಾಗಿಲಿಗೆ ಬರುವ ಊರಿನಲ್ಲಿ, ಆ ಮಗುವಿಗೇ ರಕ್ಷಣೆ ಸಿಗಬಹುದಾದ ಲಸಿಕೆಯನ್ನು ಎಚ್ಚರದಿಂದ ಕೊಟ್ಟು ನೋಡುವುದು ಇನ್ನೊಂದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಈ ವ್ಯತ್ಯಾಸವನ್ನು ವಿದ್ವಾಂಸರು ಇನ್ನಷ್ಟು ವಿಶದವಾಗಿ ಚರ್ಚಿಸಬೇಕೆಂದು ವಿನಮ್ರನಾಗಿ ಕೋರುತ್ತೇನೆ.

ನಡೆದ ಕ್ರಮವನ್ನು ಗಮನಿಸಿ. ಆರ್‌ಟಿಎಸ್,ಎಸ್ ಲಸಿಕೆಯನ್ನು ಮೊದಲು ಮಲೇರಿಯಾ ಇಲ್ಲದ ದೇಶಗಳ ವಯಸ್ಕರಿಗೆ ಕೊಟ್ಟು ನೋಡಿದರು, ನಂತರ ಗ್ಯಾಂಬಿಯಾದ ವಯಸ್ಕ ಪುರುಷರಿಗೆ, ನಂತರ ಮೊಝಾಂಬಿಕ್‌ನ ಒಂದರಿಂದ ನಾಲ್ಕು ವರ್ಷದ ಮಕ್ಕಳಿಗೆ, ಆಮೇಲೆ ಶಿಶುಗಳಿಗೆ. 2009ರಲ್ಲಿ ಆರಂಭವಾದ ಮೂರನೇ ಹಂತದ ಪರೀಕ್ಷೆಯಲ್ಲಿ ಆಫ್ರಿಕಾದ 7 ದೇಶಗಳ 11 ಕೇಂದ್ರಗಳಲ್ಲಿ 15,459 ಮಕ್ಕಳು ಪಾಲ್ಗೊಂಡರು. ಹೋಲಿಕೆಗಾಗಿ ಮಲೇರಿಯಾ ಲಸಿಕೆ ಕೊಡದ ಮಕ್ಕಳಿಗೂ ಬರಿಯ ನೀರು ಚುಚ್ಚಲಿಲ್ಲ. ಐದು ತಿಂಗಳು ದಾಟಿದವರಿಗೆ ಹುಚ್ಚುನಾಯಿ ಕಡಿತದ ರೋಗವಾದ ರೇಬಿಸ್‌ನ ಲಸಿಕೆಯನ್ನೂ, ಶಿಶುಗಳಿಗೆ ಒಂದು ಬಗೆಯ ಮೆದುಳುಪೊರೆ ಉರಿಯೂತದ ಲಸಿಕೆಯನ್ನೂ ಕೊಟ್ಟರು. ಸೊಳ್ಳೆಪರದೆ ಎರಡೂ ಗುಂಪಿಗೆ ಸಿಕ್ಕಿತು. ಫಲಿತಾಂಶ ಸಾಧಾರಣ: ಐದರಿಂದ ಹದಿನೇಳು ತಿಂಗಳ ಮಕ್ಕಳಿಗೆ ನಾಲ್ಕು ಡೋಸ್ ಕೊಟ್ಟಾಗ, ಸುಮಾರು ನಾಲ್ಕು ವರ್ಷಗಳಲ್ಲಿ ಮಲೇರಿಯಾ ಪ್ರಕರಣಗಳು ನೂರಕ್ಕೆ 36ರಷ್ಟು ತಗ್ಗಿದವು. ಬುರ್ಕಿನಾ ಫಾಸೊ, ಮಾಲಿ, ಕೀನ್ಯಾ, ತಾಂಝಾನಿಯಾಗಳ 4,800 ಮಕ್ಕಳಲ್ಲಿ ಪರೀಕ್ಷಿಸಿದ ಆರ್21, ಮಳೆಗಾಲದಲ್ಲಷ್ಟೇ ರೋಗ ಕಾಡುವ ಊರುಗಳಲ್ಲಿ ಮೊದಲ ಒಂದು ವರ್ಷ ನೂರಕ್ಕೆ 75ರಷ್ಟು ರಕ್ಷಣೆ ನೀಡಿತು.

ಅಂಕಿಗಳಿಗಿಂತ ನನ್ನನ್ನು ಹೆಚ್ಚು ತಟ್ಟಿದ್ದು ಮಾಲಿ ದೇಶದ ಒಂದು ಅನುಭವ. ಅದು ಬಹುಪಾಲು ಮುಸ್ಲಿಮರ ನಾಡು. 2018ರಲ್ಲಿ ನಿಧನರಾದ ಅಲ್ಲಿನ ವೈದ್ಯ ವಿಜ್ಞಾನಿ ಓಗೊಬರ ಡುಂಬೊ, ರಾಜಧಾನಿ ಬಮಾಕೊದಲ್ಲಿ ಮಲೇರಿಯಾ ಸಂಶೋಧನಾ ಕೇಂದ್ರವನ್ನು ಕಟ್ಟಿ ಬೆಳೆಸಿದರು. ಹಳ್ಳಿಗರ ಒಪ್ಪಿಗೆಯನ್ನು ಹೇಗೆ ಪಡೆಯಬೇಕೆಂಬ ಬಗ್ಗೆ ಅವರು 2005ರಲ್ಲಿ ಬರೆದಿದ್ದಾರೆ. ಹಳ್ಳಿಗೆ ಹೋದ ಸಂಶೋಧಕರು ಕಾಗದ ಹಿಡಿದು ನೇರವಾಗಿ ತಾಯಿಯ ಮುಂದೆ ನಿಲ್ಲುವುದಿಲ್ಲ. ಮೊದಲು ಊರಿನ ಮುಖ್ಯಸ್ಥರು ಮತ್ತು ಹಿರಿಯರು, ನಂತರ ಕುಟುಂಬಗಳ ಯಜಮಾನರು, ನಾಟಿವೈದ್ಯರು, ತಾಯಂದಿರ ಸಂಘಗಳು. ಒಬ್ಬೊಬ್ಬರೊಡನೆಯೂ ಕುಳಿತು ಮಾತು. ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ ಮೇಲೆ, ಕೊನೆಯಲ್ಲಿ, ಒಂದೊಂದು ಮಗುವಿನ ಪೋಷಕರ ಒಪ್ಪಿಗೆ. ಇಲ್ಲಿ ಒಂದು ಸೂಕ್ಷ್ಮವಿದೆ. ಊರಿನ ಹಿರಿಯರ ಅನುಮತಿ ಬಾಗಿಲು ತೆರೆಯುವುದಕ್ಕೆ ಮಾತ್ರ. ಅದು ತಾಯಿಯ ಒಪ್ಪಿಗೆಗೆ ಬದಲಿಯಲ್ಲ. ಮುಖ್ಯಸ್ಥ ಹೌದೆಂದರೂ ತಾಯಿ ಬೇಡವೆನ್ನಬಹುದು. ನಮ್ಮ ಜಮಾಅತ್‌ಗಳೂ ಇದನ್ನು ಮನದಟ್ಟು ಮಾಡಿಕೊಳ್ಳಬೇಕು. ಮಸೀದಿಯ ಅಧ್ಯಕ್ಷರಾಗಲಿ, ನನ್ನಂತಹ ಉಸ್ತಾದರಾಗಲಿ ಇನ್ನೊಬ್ಬರ ಮಗುವಿನ ಪರವಾಗಿ ಹೌದೆನ್ನಲೂ ಅಲ್ಲವೆನ್ನಲೂ ಅಧಿಕಾರ ಪಡೆದಿಲ್ಲ.

ಅದೇ ಮಾಲಿಯ ಬಂಡಿಯಾಗರ ಎಂಬ ಊರಿನಲ್ಲಿ ಬೇರೊಂದು ಮಲೇರಿಯಾ ಲಸಿಕೆಯನ್ನು 400 ಮಕ್ಕಳಲ್ಲಿ ಪರೀಕ್ಷಿಸಿದರು. 2011ರಲ್ಲಿ ಫಲಿತಾಂಶ ಬಂತು: ಆ ಲಸಿಕೆ ಗಮನಾರ್ಹ ರಕ್ಷಣೆ ನೀಡಲಿಲ್ಲ. ತಿಂಗಳುಗಟ್ಟಲೆ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ನಡೆದ ತಾಯಂದಿರ ಶ್ರಮ ವ್ಯರ್ಥವಾಯಿತೇ? ನನಗೆ ಹಾಗನಿಸುವುದಿಲ್ಲ. ಈ ದಾರಿಯಲ್ಲಿ ಹೋಗಬೇಡಿ ಎಂದು ತೋರಿಸಿದವರೂ ದಾರಿ ತೋರಿಸಿದವರೇ. ಫಲ ತನಗೆ ಸಿಗದಿದ್ದರೂ ಮುಂದಿನವರಿಗಾಗಿ ಮರ ನೆಡುವುದನ್ನು ಸದಕಾ ಎಂದು ಕಲಿತವರು ನಾವು. ಹತ್ತು ವರ್ಷಗಳ ಬಳಿಕ ಅದೇ ದೇಶದ ಬುಗುನಿ ಮತ್ತು ನೆರೆಯ ಬುರ್ಕಿನಾ ಫಾಸೊದ ಊಂಡೆ ಪ್ರದೇಶಗಳ ಸುಮಾರು 6,000 ಮಕ್ಕಳಲ್ಲಿ ಮತ್ತೊಂದು ಅಧ್ಯಯನ ಮುಗಿಯಿತು. ಮಳೆಗಾಲಕ್ಕೆ ಮುನ್ನ ಆರ್‌ಟಿಎಸ್,ಎಸ್ ಲಸಿಕೆಯನ್ನೂ, ಮಳೆಗಾಲದಲ್ಲಿ ಮುನ್ನೆಚ್ಚರಿಕೆಯ ಮಾತ್ರೆಗಳನ್ನೂ ಸೇರಿಸಿ ಕೊಟ್ಟಾಗ, ಬರಿಯ ಮಾತ್ರೆ ಪಡೆದವರಿಗಿಂತ ಮಲೇರಿಯಾ ಸಾವುಗಳು ನೂರಕ್ಕೆ 70ಕ್ಕಿಂತ ಹೆಚ್ಚು ತಗ್ಗಿದ್ದು ಕಂಡುಬಂತು.

ಎಲ್ಲವೂ ಹೀಗೆ ಸುಸೂತ್ರವಾಗಿ ನಡೆದಿದೆಯೆಂದು ಹೇಳಿದರೆ ನಾನು ಸುಳ್ಳು ಸಾಕ್ಷಿ ನುಡಿದಂತಾಗುತ್ತದೆ. ಆರ್‌ಟಿಎಸ್,ಎಸ್ ಲಸಿಕೆಯ ಮೂರನೇ ಹಂತದಲ್ಲಿ ಮೂರು ಆತಂಕಗಳು ತಲೆದೋರಿದ್ದವು. ಲಸಿಕೆ ಪಡೆದವರಲ್ಲಿ ಮೆದುಳುಪೊರೆಯ ಉರಿಯೂತ ಹೆಚ್ಚಾಗಿತ್ತು, ಮೆದುಳಿಗೇರುವ ಮಲೇರಿಯಾ ಹೆಚ್ಚಾಗಿತ್ತು, ಹೆಣ್ಣುಮಕ್ಕಳ ಸಾವು ಹೆಚ್ಚಾಗಿತ್ತು. ಇವು ಕಾಕತಾಳೀಯವೋ ಲಸಿಕೆಯ ಪರಿಣಾಮವೋ ತಿಳಿಯಬೇಕಿತ್ತು. 2019ರಲ್ಲಿ ಮಲಾವಿ, ಘಾನಾ, ಕೀನ್ಯಾಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಲಸಿಕೆ ನೀಡುತ್ತಾ ಇದನ್ನೂ ಪರಿಶೀಲಿಸಲಾಯಿತು. ಆದರೆ ತಾಯಂದಿರಿಂದ ಪ್ರತ್ಯೇಕ ಲಿಖಿತ ಒಪ್ಪಿಗೆ ಪಡೆಯಲಿಲ್ಲ. ಮಗುವನ್ನು ಲಸಿಕಾ ಕೇಂದ್ರಕ್ಕೆ ಕರೆತಂದದ್ದನ್ನೇ ಒಪ್ಪಿಗೆಯೆಂದು ಭಾವಿಸಲಾಯಿತು. 2020ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯೊಂದು ಇದನ್ನು ಬಯಲಿಗೆಳೆದಾಗ ನೈತಿಕ ತಜ್ಞರು ಕಟುವಾಗಿ ಆಕ್ಷೇಪಿಸಿದರು. ಆಯಾ ದೇಶಗಳು ಅನುಮತಿಸಿದ ಲಸಿಕೆಯನ್ನು ನಿತ್ಯದ ಲಸಿಕಾ ಕಾರ್ಯಕ್ರಮದಂತೆಯೇ ಕೊಡಲಾಗುತ್ತಿದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಮಜಾಯಿಷಿ. ಕೊನೆಗೆ ಆ ಮೂರು ಭಯಗಳೂ ದೃಢಪಡಲಿಲ್ಲ. ಲಸಿಕೆ ನೀಡಿದ ಪ್ರದೇಶಗಳಲ್ಲಿ ಆ ವಯಸ್ಸಿನ ಮಕ್ಕಳ ಸಾವು ನೂರಕ್ಕೆ 13ರಷ್ಟು ಇಳಿಯಿತು. ಅಲ್‌ಹಮ್ದುಲಿಲ್ಲಾಹ್! ಆದರೆ ಫಲ ಸಿಹಿಯಾಯಿತೆಂಬ ಕಾರಣಕ್ಕೆ ಕೇಳದೆ ಕಿತ್ತದ್ದು ಸರಿಯಾಗುವುದಿಲ್ಲ. ಅಮಾನತ್ ಇಟ್ಟವನಿಗೆ ಹೇಳದೆ ಅದನ್ನು ವ್ಯಾಪಾರಕ್ಕೆ ತೊಡಗಿಸಿ ಲಾಭ ತಂದರೂ, ಹೇಳದಿದ್ದ ತಪ್ಪು ತಪ್ಪೇ.

ನಮ್ಮ ದೇಶದಲ್ಲೂ ಇಂತಹ ಕಹಿ ಇದೆ. ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯನ್ನು ಅಂದಿನ ಆಂಧ್ರಪ್ರದೇಶದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳ ಬಾಲಕಿಯರಿಗೆ ಕೊಟ್ಟಾಗ, ಅನೇಕ ಕಡೆ ಹೆತ್ತವರ ಬದಲು ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದರು. 2010ರಲ್ಲಿ ಆ ಯೋಜನೆ ನಿಂತಿತು. 2013ರಲ್ಲಿ ಸಂಸದೀಯ ಸ್ಥಾಯಿ ಸಮಿತಿ ಅದನ್ನು ತೀವ್ರವಾಗಿ ಖಂಡಿಸಿತು. ಪಾಕಿಸ್ತಾನದ ಅಬೋಟಾಬಾದ್‌ನಲ್ಲಿ 2011ರಲ್ಲಿ ಗೂಢಚಾರಿಕೆಗಾಗಿ ಹೆಪಟೈಟಿಸ್ ಲಸಿಕಾ ಅಭಿಯಾನದ ಸೋಗು ಹಾಕಿದ್ದು, ಅಲ್ಲಿನ ಪೋಲಿಯೋ ಕಾರ್ಯಕರ್ತರ ಮೇಲಿನ ನಂಬಿಕೆಯನ್ನೇ ಕೆಡಿಸಿತು. ನಮ್ಮ ಜನರ ಸಂಶಯ ಆಕಾಶದಿಂದ ಉದುರಿದ್ದಲ್ಲ. ಸಂಶಯಪಡುವವರನ್ನು ಅಜ್ಞಾನಿಗಳೆಂದು ಹೀಯಾಳಿಸುವ ವಿದ್ಯಾವಂತರು ಇದನ್ನು ನೆನಪಿಡಬೇಕು.

ಆದರೆ ನನ್ನ ಸಮುದಾಯಕ್ಕೂ ಒಂದು ಮಾತು ಹೇಳಬೇಕಿದೆ. ಪ್ರಶ್ನೆ ಕೇಳುವುದು ಬೇರೆ, ಕೇಳುವ ಮೊದಲೇ ಬಾಗಿಲು ಮುಚ್ಚುವುದು ಬೇರೆ. ಮೊಬೈಲಿಗೆ ಬಂದ ಯಾರದೋ ಧ್ವನಿ ಸಂದೇಶವನ್ನು ಕೇಳಿ, ಮನೆಬಾಗಿಲಿಗೆ ಬಂದ ಆಶಾ ಕಾರ್ಯಕರ್ತೆಯನ್ನು ಹಿಂದಕ್ಕೆ ಕಳುಹಿಸಿದವರನ್ನು ನಾನು ಬಲ್ಲೆ. ಕೆಲವರು ಅದಕ್ಕೆ ತವಕ್ಕುಲ್ ಎಂಬ ಹೆಸರಿಡುತ್ತಾರೆ. ಒಂಟೆಯನ್ನು ಕಟ್ಟಿಹಾಕಿ ನಂತರ ಅಲ್ಲಾಹನಲ್ಲಿ ಭರವಸೆಯಿಡಲು ಕಲಿಸಿದ ಪ್ರವಾದಿ(ಸ)ಯವರ ಅನುಯಾಯಿಗಳಿಗೆ ಇದು ಒಪ್ಪುವ ಮಾತಲ್ಲ. ಸಿರಿಯಾದಲ್ಲಿ ಪ್ಲೇಗ್ ಹರಡಿದೆಯೆಂದು ತಿಳಿದಾಗ ಖಲೀಫಾ ಉಮರ್(ರ) ಹಿರಿಯರೊಡನೆ ಸಮಾಲೋಚಿಸಿ ದಾರಿಯಿಂದಲೇ ಹಿಂದಿರುಗಿದರು. ಅದನ್ನು ವಿಧಿಯಿಂದ ಓಡಿಹೋಗುವುದೆಂದು ಅವರು ಭಾವಿಸಲಿಲ್ಲ. ಅವರು ಮೊದಲು ಕೇಳಿ ತಿಳಿದರು, ನಂತರ ನಿರ್ಧರಿಸಿದರು. ನಮಗೆ ಬೇಕಾದುದೂ ಅದೇ ಕ್ರಮ.

ಇಂದು ಬಳಕೆಯಲ್ಲಿರುವ ಎರಡೂ ಲಸಿಕೆಗಳು ಫಾಲ್ಸಿಪಾರಂ ಎಂಬ ಮಾರಕ ಜಾತಿಯ ಮಲೇರಿಯಾಕ್ಕಾಗಿ ರೂಪುಗೊಂಡವು. ಮಂಗಳೂರಿನ ಕಡೆಯವರಿಗೆ ಚಿರಪರಿಚಿತವಾದ ವೈವಾಕ್ಸ್ ಮಲೇರಿಯಾಕ್ಕೆ ಇನ್ನೂ ಲಸಿಕೆಯಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ತನ್ನದೇ ಆದ ಮಲೇರಿಯಾ ಲಸಿಕೆಯೊಂದನ್ನು ರೂಪಿಸುತ್ತಿದೆ. ಆದುದರಿಂದ ನಾಳೆ ಇಂತಹ ಪರೀಕ್ಷೆಗೆ ನಮ್ಮ ಮನೆಯವರನ್ನೇ ಯಾರಾದರೂ ಆಹ್ವಾನಿಸಬಹುದು. ಆಗ ಹೆದರುವುದೂ ಬೇಡ, ಕಣ್ಮುಚ್ಚಿ ಸಹಿ ಹಾಕುವುದೂ ಬೇಡ. ಇದು ಪರೀಕ್ಷೆಯೋ ಅಥವಾ ಅನುಮತಿ ಪಡೆದ ಲಸಿಕೆಯೋ? ಈ ಮೊದಲು ಯಾರಿಗೆ ಕೊಟ್ಟು ನೋಡಿದ್ದೀರಿ? ಏನೇನು ತೊಂದರೆಗಳು ಕಂಡುಬಂದಿವೆ? ನನಗೆ ಹಾನಿಯಾದರೆ ಚಿಕಿತ್ಸೆಯ ಹೊಣೆ ಯಾರದು? ನಡುವೆ ಬಿಟ್ಟುಬಿಡಬಹುದೇ? ಇವಿಷ್ಟನ್ನು ಕೇಳಿ. 2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ, ಅರ್ಥವಾಗುವ ಭಾಷೆಯಲ್ಲಿ ವಿವರಣೆ, ನೈತಿಕ ಸಮಿತಿಯ ಮೇಲ್ವಿಚಾರಣೆ, ಹಾನಿಯಾದರೆ ಚಿಕಿತ್ಸೆ ಮತ್ತು ಪರಿಹಾರ, ಯಾವಾಗ ಬೇಕಾದರೂ ಹಿಂದೆ ಸರಿಯುವ ಸ್ವಾತಂತ್ರ್ಯ ಇವೆಲ್ಲ ಪಾಲ್ಗೊಳ್ಳುವವರ ಹಕ್ಕುಗಳು. ಉತ್ತರ ತೃಪ್ತಿಕರವಾಗಿದ್ದರೆ, ಆರೋಗ್ಯ ಸಹಕರಿಸಿದರೆ, ಪಾಲ್ಗೊಳ್ಳುವುದನ್ನು ನಾನು ಒಂದು ಪುಣ್ಯಕಾರ್ಯವೆಂದೇ ಪರಿಗಣಿಸುತ್ತೇನೆ. ಒಂದು ಜೀವವನ್ನು ಉಳಿಸುವುದಕ್ಕೆ ನಮ್ಮ ಧರ್ಮ ಕೊಟ್ಟಿರುವ ಸ್ಥಾನ ಎಷ್ಟು ಎತ್ತರದ್ದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಗೂ ಆ ಹುಡುಗನಿಗೆ ಉತ್ತರ ಹೇಳಿದೆ. "ಮಗಾ, ಹುಸೇನ್ ಖಾನರು ಕಚ್ಚಿಸಿಕೊಂಡದ್ದು ತಪ್ಪೆಂದು ನಾನು ಹೇಳಲಾರೆ. ಅವರಿಗೆ ಮೊದಲೇ ಜ್ವರವಿತ್ತು, ಮನೆಯಲ್ಲಿ ಕಷ್ಟವೂ ಇದ್ದಿರಬಹುದು. ಆದರೆ ಈ ಸೊಳ್ಳೆಗಳನ್ನು ಏಕೆ ಬಿಡುತ್ತಿದ್ದೇವೆಂದು ಯಾರಾದರೂ ಅವರ ಹತ್ತಿರ ಕುಳಿತು, ಅವರ ಭಾಷೆಯಲ್ಲಿ ಹೇಳಿದ್ದರೋ ಇಲ್ಲವೋ, ಆ ಮಾತು ನನ್ನನ್ನು ಕಾಡುತ್ತದೆ. ಎಂಟಾಣೆಗಿಂತ ಮೊದಲು ಅವರಿಗೆ ಸಲ್ಲಬೇಕಾಗಿದ್ದು ಅದು." ಹುಡುಗ ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ಉಸ್ತಾದ್, ಹೇಳಿ ಕೇಳಿದರೆ ನಾನೂ ತೋಳು ಕೊಡಬಹುದಾ?" ಎಂದ. "ದೊಡ್ಡವನಾದ ಮೇಲೆ, ಎಲ್ಲವನ್ನೂ ಕೇಳಿ ತಿಳಿದ ಮೇಲೆ, ಕೊಡಬಹುದು" ಎಂದೆ. ಈ ಸಲ ಮಕ್ಕಳು ನಗಲಿಲ್ಲ.

ತಿಳಿದು ಕೊಡುವ ಧೈರ್ಯವನ್ನೂ, ಪಡೆದವರಿಗೆ ಅಮಾನತ್ ಉಳಿಸಿಕೊಳ್ಳುವ ಪ್ರಾಮಾಣಿಕತೆಯನ್ನೂ ಅಲ್ಲಾಹನು ದಯಪಾಲಿಸಲಿ. ಆಮೀನ್.